ಸಹ್ಯಾದ್ರಿಯ ಉತ್ತರದ ತುದಿಯಲ್ಲಿ ಸೈಕಲ್ ಸವಾರಿ: ವಘಈಯಿಂದ ಸಾಪುತಾರಾದವರೆಗೆ

ಆಗುಂಬೆ, ಚಾರ್ಮಾಡಿ, ಶಿರಾಡಿ ಎಂಬ ಹೆಸರುಗಳನ್ನು ಕೇಳಿದೊಡನೆ ಪರಸ್ಥಳದಲ್ಲಿ ನೆಲೆಸಿದ ಕನ್ನಡಿಗನ ಮನಸ್ಸು ಊರಿನ ಕಡೆಗೆ ತಿರುಗುವುದು ಸಹಜ. ಅಹಮದಾಬಾದ್, ವಡೋದರಾ, ಸೂರತ್‌ಗಳ ಬಯಲಿನಲ್ಲಿ ಹತ್ತಾರು ವರ್ಷ ಕಳೆದ ನಮ್ಮವರಲ್ಲಿ ಅನೇಕರು, ಸಹ್ಯಾದ್ರಿಯು ತಮ್ಮಿಂದ ಬಹುದೂರ ಉಳಿಯಿತೆಂದೇ ಭಾವಿಸಿದ್ದಾರೆ. ವಾಸ್ತವವು ಬೇರೆ. ಕನ್ಯಾಕುಮಾರಿಯ ಕಡೆಯಿಂದ ಸುಮಾರು 1,600 ಕಿಲೋಮೀಟರು ಹಬ್ಬಿ ಬಂದಿರುವ ಅದೇ ಪರ್ವತಶ್ರೇಣಿಯು ತಾಪಿ ನದಿಯ ದಕ್ಷಿಣಕ್ಕೆ, ಗುಜರಾತಿನ ಡಾಂಗ್ ಜಿಲ್ಲೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಸೂರತ್ತಿನಿಂದ ನವಸಾರಿ, ಚೀಖಲಿ, ವಾಂಸದಾಗಳ ಮೂಲಕ ಸುಮಾರು 110 ಕಿಲೋಮೀಟರು ಸಾಗಿದರೆ ವಘಈ. ಅಲ್ಲಿಂದ ಅರಣ್ಯದ ನಡುವೆ ಸುಮಾರು 50 ಕಿಲೋಮೀಟರು ಏರಿದರೆ ಸಾಪುತಾರಾ ಗಿರಿಧಾಮ. ಈ ದಾರಿಯನ್ನು ಸೈಕಲ್ಲಿನ ಮೇಲೆ, ಆರೋಗ್ಯಕ್ಕೆ ಹಿತವಾಗುವಂತೆ ಕ್ರಮಿಸುವುದು ಹೇಗೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ದಾರಿಯ ಪರಿಚಯ

ವಘಈಯು ಡಾಂಗ್ ಕಾಡಿನ ಹೆಬ್ಬಾಗಿಲು. ಇಲ್ಲಿಯ ತೇಗದ ಮರಗಳನ್ನು ಸಾಗಿಸುವ ಸಲುವಾಗಿಯೇ ಬಡೋದೆಯ ಗಾಯಕವಾಡ ಸಂಸ್ಥಾನವು ಬಿಲಿಮೋರಾದಿಂದ ವಘಈಯವರೆಗೆ 63 ಕಿಲೋಮೀಟರಿನ ನ್ಯಾರೋಗೇಜ್ ರೈಲುಮಾರ್ಗವನ್ನು ಹಾಕಿಸಿತು. ಅದರಲ್ಲಿ 1913ರಲ್ಲಿ ಸಂಚಾರ ಆರಂಭವಾಯಿತು. ಊರಿನ ಹತ್ತಿರದಲ್ಲಿಯೇ ಸಸ್ಯೋದ್ಯಾನವೂ, ಅಂಬಿಕಾ ನದಿಯ ಗೀರಾ ಜಲಪಾತವೂ ಇವೆ. 1979ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ವಾಂಸದಾ ಅರಣ್ಯವೂ ದೂರವಿಲ್ಲ.

ವಘಈಯನ್ನು ಬಿಟ್ಟ ಮೇಲೆ ರಸ್ತೆಯು ಏರುತ್ತ ಇಳಿಯುತ್ತ ಸಾಕರಪಾತಳ, ಶಾಮಗಹಾನ್‌ಗಳ ಮೂಲಕ ಸಾಗುತ್ತದೆ. ಇಕ್ಕೆಲಗಳಲ್ಲಿ ತೇಗ, ಬಿದಿರು, ಮತ್ತಿ, ಹಿಪ್ಪೆ. ಹೋಳಿಯ ಸುಮಾರಿಗೆ ಬಂದರೆ ಎಲೆಯುದುರಿದ ಕಾಡಿನಲ್ಲಿ ಮುತ್ತುಗದ ಕೆಂಪು ಹೂವು ಬೆಂಕಿಯಂತೆ ಕಾಣುತ್ತದೆ. ಗುಜರಾತಿಗಳು ಇದನ್ನು ಕೇಸೂಡಾ ಎನ್ನುತ್ತಾರೆ. ಕೊನೆಯ ಎಂಟು ಹತ್ತು ಕಿಲೋಮೀಟರುಗಳಲ್ಲಿ ನಿಜವಾದ ಘಾಟಿ, ಹಾವಿನಂತೆ ಸುತ್ತುವ ತಿರುವುಗಳು. ಸಾಪುತಾರಾ ಎಂದರೆ ಹಾವುಗಳ ನೆಲೆ ಎಂದೇ ಅರ್ಥ ಹೇಳುತ್ತಾರೆ.

ಸರಾಸರಿಯ ಮೋಸ

ವಘಈಯಿಂದ ಸಾಪುತಾರಾಕ್ಕೆ ಏರಬೇಕಾದ ಎತ್ತರವನ್ನು ಲೆಕ್ಕಕ್ಕಾಗಿ ಸುಮಾರು 800 ಮೀಟರ್ ಎಂದು ಹಿಡಿಯೋಣ. ಐವತ್ತು ಕಿಲೋಮೀಟರಿಗೆ ಹಂಚಿದರೆ ಏರು ನೂರಕ್ಕೆ ಎರಡರಷ್ಟೂ ಆಗದು. ಕಾಗದದ ಮೇಲೆ ಇದು ಮಕ್ಕಳಾಟ. ಆದರೆ ವರ್ಷದ ಸರಾಸರಿ ಶಿಲ್ಕನ್ನು ನೋಡಿ ಖಾತೆದಾರನ ಸ್ಥಿತಿಯನ್ನು ಅಳೆಯಲು ಹೊರಟವನು ಹೇಗೆ ಮೋಸಹೋಗುವನೋ, ಸರಾಸರಿ ಏರನ್ನು ನಂಬಿದ ಸವಾರನೂ ಹಾಗೆಯೇ ಮೋಸಹೋಗುತ್ತಾನೆ. ಏರಿನ ದೊಡ್ಡ ಪಾಲು ಕಡೆಯಲ್ಲಿ, ಕಾಲುಗಳು ದಣಿದ ಮೇಲೆ ಎದುರಾಗುತ್ತದೆ.

ಸ್ಪೇನ್ ದೇಶದ ಪರ್ವತ ಮಾರ್ಗಗಳಲ್ಲಿಯೂ ಇದೇ ಪಾಠ. 1999ರಲ್ಲಿ ಆ ದೇಶದ ಪ್ರಸಿದ್ಧ ಸೈಕಲ್ ಸ್ಪರ್ಧೆಗೆ ಸೇರಿಸಿದ ಆಂಗ್ಲಿರು ಎಂಬ ಏರು ಸುಮಾರು 12.5 ಕಿಲೋಮೀಟರ್ ಉದ್ದವಿದೆ; ಸರಾಸರಿ ಏರು ನೂರಕ್ಕೆ ಹತ್ತು. ಮೊದಲರ್ಧ ಸಾಧಾರಣವಾಗಿದ್ದು, ಕೊನೆಯರ್ಧದಲ್ಲಿ ಒಂದೆಡೆ ನೂರಕ್ಕೆ ಇಪ್ಪತ್ಮೂರನ್ನು ಮೀರುತ್ತದೆ. ನಮ್ಮ ಘಾಟಿ ಅಷ್ಟು ಕಠಿನವಲ್ಲವಾದರೂ ಶಕ್ತಿಯನ್ನು ಕಡೆಯ ಭಾಗಕ್ಕೆ ಉಳಿಸಿಕೊಳ್ಳಬೇಕೆಂಬ ನಿಯಮವು ಎರಡು ಕಡೆಯೂ ಒಂದೇ.

ದೇಹದ ಜಮಾಖರ್ಚು

ಎಪ್ಪತ್ತು ಕಿಲೋ ತೂಕದ ವ್ಯಕ್ತಿಯು ಹದಿನೈದು ಕಿಲೋ ತೂಕದ ಸೈಕಲ್ಲಿನೊಡನೆ 800 ಮೀಟರ್ ಎತ್ತರಕ್ಕೆ ಏರಲು ಬೇಕಾಗುವ ಕೆಲಸವು ಸುಮಾರು 160 ಕಿಲೋಕ್ಯಾಲೊರಿ. ಆದರೆ ನಮ್ಮ ಸ್ನಾಯುಗಳು ತಿಂದ ಆಹಾರದ ಶಕ್ತಿಯಲ್ಲಿ ಐದನೆಯ ಒಂದು ಭಾಗ ಅಥವಾ ಹೆಚ್ಚೆಂದರೆ ನಾಲ್ಕನೆಯ ಒಂದು ಭಾಗವನ್ನು ಮಾತ್ರ ಕೆಲಸವಾಗಿ ಪರಿವರ್ತಿಸಬಲ್ಲವು. ಉಳಿದುದು ಶಾಖವಾಗಿ ಹೋಗುತ್ತದೆ. ಆದುದರಿಂದ ಏರಿಗಾಗಿಯೇ 650ರಿಂದ 800 ಕಿಲೋಕ್ಯಾಲೊರಿ ಬೇಕು. ಗಾಳಿಯ ಮತ್ತು ರಸ್ತೆಯ ತಡೆಗೆ ತಗಲುವ ಶಕ್ತಿಯು ಇದರ ಮೇಲೆ. ಶಾಖವನ್ನು ಹೊರಹಾಕಲು ಬೆವರು, ಬೆವರಿಗೆ ನೀರು: ಗಂಟೆಗೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರಿನಷ್ಟು ನೀರನ್ನು ಗುಟುಕು ಗುಟುಕಾಗಿ ಕುಡಿಯಬೇಕು.

ಗೇರುಗಳ ಉಪಯೋಗವನ್ನು ಸಾಲದ ಕಂತಿಗೆ ಹೋಲಿಸಬಹುದು. ಬೆಟ್ಟಕ್ಕೆ ನಾವು ಸಲ್ಲಿಸಬೇಕಾದ ಅಸಲು ಎಷ್ಟೋ ಅಷ್ಟೇ. ಯಾವ ಗೇರೂ ಅದನ್ನು ಮನ್ನಾ ಮಾಡದು. ಮುಂದಿನ ಸಣ್ಣ ಚಕ್ರ, ಹಿಂದಿನ ದೊಡ್ಡ ಚಕ್ರಗಳನ್ನು ಆರಿಸಿಕೊಂಡಾಗ ಕಂತು ಸಣ್ಣದಾಗಿ ಕಂತುಗಳ ಸಂಖ್ಯೆ ಹೆಚ್ಚುತ್ತದೆ. ನಿಮಿಷಕ್ಕೆ ಅರವತ್ತು ಎಪ್ಪತ್ತು ಸಲ ಹಗುರವಾಗಿ ತುಳಿಯುವುದು ಮೊಣಕಾಲಿಗೂ ಹೃದಯಕ್ಕೂ ಹಿತ. ಏರು ಆರಂಭವಾಗುವ ಮೊದಲೇ ಗೇರನ್ನು ಬದಲಿಸಿಕೊಳ್ಳಬೇಕು.

ಲೇಖಕನು ಕಲಿತ ಪಾಠ

ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡುವ ನಮ್ಮಂಥವರಿಗೆ ನಲವತ್ತು ದಾಟಿತೆಂದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳು ಕರೆಯದೆ ಬರುವ ಅತಿಥಿಗಳು. ದಕ್ಷಿಣ ಏಷ್ಯಾದವರಲ್ಲಿ ಹೃದಯಾಘಾತವು ಇತರರಿಗಿಂತ ಸರಾಸರಿ ಐದಾರು ವರ್ಷ ಮೊದಲೇ ಸಂಭವಿಸುವುದೆಂದು ಅಂತರರಾಷ್ಟ್ರೀಯ ಅಧ್ಯಯನಗಳು ತೋರಿಸಿವೆ. ಇದನ್ನು ಓದಿ ಬಲ್ಲ ನಾನೇ ಒಮ್ಮೆ ಎಡವಿದೆ.

ಮೊದಲ ಸಲ ಈ ಘಾಟಿಗೆ ಹೋದಾಗ ಜೊತೆಗಿದ್ದ ಇಬ್ಬರು ಮಿತ್ರರು ಕಿರಿಯರು, ಚುರುಕಾದವರು. ಅವರ ಸಮಕ್ಕೆ ನಿಲ್ಲಬೇಕೆಂಬ ಹಟದಿಂದ ಬೆಳಗಿನ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನುಂಗಿ, ಚಹಾ ಮತ್ತು ಎರಡು ಬಿಸ್ಕತ್ತುಗಳಷ್ಟನ್ನೇ ತೆಗೆದುಕೊಂಡು ಹೊರಟುಬಿಟ್ಟೆ. ಶಾಮಗಹಾನ್ ಸಮೀಪಿಸುವ ವೇಳೆಗೆ ಕೈ ನಡುಗತೊಡಗಿತು. ತಣ್ಣನೆಯ ಬೆವರು ಬಂದು ಕಣ್ಣು ಮಂಜಾಯಿತು. ಮಿತ್ರರು ತಿರುವು ದಾಟಿ ಮುಂದೆ ಹೋಗಿದ್ದರು. ರಸ್ತೆಯ ಬದಿಯಲ್ಲಿ ಒಲೆ ಹೂಡಿ ರೊಟ್ಟಿ ಮಾರುತ್ತಿದ್ದ ಹೆಂಗಸೊಬ್ಬಳು ನನ್ನನ್ನು ಕಂಡು, “ಬೇಸೋ ಭಾಈ, ಬೇಸೋ” ಎಂದು ಕೂರಿಸಿ ಒಂದು ಹೆಂಟೆ ಬೆಲ್ಲವನ್ನೂ ನೀರನ್ನೂ ಕೊಟ್ಟಳು. ಕಾಲು ಗಂಟೆಯಲ್ಲಿ ಲೋಕವು ಮೊದಲಿನಂತೆ ಕಾಣಿಸಿತು. ಆಮೇಲೆ ಅವಳು ಹೆಂಚಿನಿಂದ ತೆಗೆದುಕೊಟ್ಟ ಕಂದುಬಣ್ಣದ ರೊಟ್ಟಿಯನ್ನು ಬಾಯಿಗಿಟ್ಟಾಗ ನಾನು ಬೆರಗಾದೆ. ಅದು ರಾಗಿ! ಡಾಂಗಿನ ಜನ ನಾಗಲಿ ಎಂದು ಕರೆದು ತಲತಲಾಂತರದಿಂದ ಬೆಳೆದುಣ್ಣುತ್ತಿರುವುದು ನಮ್ಮ ಮನೆಯ ರಾಗಿಯೇ. ಹಣವೆಷ್ಟೆಂದು ಕೇಳಿದರೆ ರೊಟ್ಟಿಯದನ್ನು ಮಾತ್ರ ಹೇಳಿದಳು, ಬೆಲ್ಲದ್ದನ್ನು ಹೇಳಲಿಲ್ಲ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರಲ್ಲಿ ದೀರ್ಘ ವ್ಯಾಯಾಮವು ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. ಅಂಥವರು ಸವಾರಿಯ ದಿನದ ಔಷಧದ ಪ್ರಮಾಣವನ್ನು ವೈದ್ಯರಿಂದ ಮೊದಲೇ ಕೇಳಿ ತಿಳಿಯಬೇಕು. ಹೊಟ್ಟೆಗೆ ಹಾಕಿಕೊಳ್ಳದೆ ಹೊರಡಬಾರದು. ನಡುಕ, ತಣ್ಣನೆಯ ಬೆವರು, ಗಲಿಬಿಲಿ ತೋರಿದೊಡನೆ ಇಳಿದು ಮೂರು ಚಮಚೆ ಸಕ್ಕರೆ ಅಥವಾ ಅಷ್ಟೇ ಗ್ಲೂಕೋಸ್ ಸೇವಿಸಿ ಹದಿನೈದು ನಿಮಿಷ ಕಾಯಬೇಕು. ಗುಣ ಕಾಣದಿದ್ದರೆ ಮತ್ತೊಮ್ಮೆ ಸೇವಿಸಬೇಕು. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ಸಾಗುವವನೇ ಮುಂದಿರಲಿ.

ಮೂರು ಮೆಟ್ಟಿಲುಗಳ ಸಿದ್ಧತೆ

ಮೊದಲ ಮೆಟ್ಟಿಲು ಬಯಲು. ವೈದ್ಯರ ತಪಾಸಣೆಯಾದ ಮೇಲೆ ಎರಡು ತಿಂಗಳ ಕಾಲ ವಾರಕ್ಕೆ ನಾಲ್ಕು ದಿನ, ದಿನಕ್ಕೆ ನಲವತ್ತು ನಿಮಿಷ ಸವಾರಿ ಮಾಡಬೇಕು. ಇದು ವಾರಕ್ಕೆ 160 ನಿಮಿಷವಾಯಿತು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ಹೇಳಿರುವ ಕನಿಷ್ಠ 150 ನಿಮಿಷದ ಮಿತಿಯನ್ನು ದಾಟಿದಂತಾಯಿತು. ಅಹಮದಾಬಾದಿನವರಿಗೆ ಸಾಬರಮತಿಯ ದಂಡೆ, ಸೂರತ್ತಿನವರಿಗೆ ಡುಮಸ್ ರಸ್ತೆ ಅನುಕೂಲ. ತುಳಿಯುತ್ತಿರುವಾಗ ಮಾತನಾಡಲು ಬರುವಂತಿರಬೇಕು. ಎರಡು ಮಾತಿಗೇ ಉಸಿರು ಕಟ್ಟಿದರೆ ವೇಗ ಹೆಚ್ಚಾಯಿತೆಂದು ತಿಳಿಯಬೇಕು. 220ರಲ್ಲಿ ವಯಸ್ಸನ್ನು ಕಳೆದು ನಾಡಿಯ ಗರಿಷ್ಠ ಮಿತಿಯನ್ನು ಲೆಕ್ಕ ಹಾಕುವ ಕ್ರಮವು ಸ್ಥೂಲವಾದುದು. ರಕ್ತದೊತ್ತಡದ ಕೆಲವು ಮಾತ್ರೆಗಳು ನಾಡಿಯನ್ನು ತಗ್ಗಿಸುವುದರಿಂದ ಅಂಥವರಿಗೆ ಮಾತಿನ ಪರೀಕ್ಷೆಯೇ ಮೇಲು.

ಎರಡನೆಯ ಮೆಟ್ಟಿಲು ಸಣ್ಣ ಏರುಗಳು. ವಡೋದರಾದವರು ಪಾವಾಗಢದ ಬುಡದ ಹಾಲೋಲ್‌ನಿಂದ ಶಿವರಾಜಪುರದ ಮೂಲಕ ಜಾಂಬುಘೋಡಾ ಅರಣ್ಯದವರೆಗೆ ಹೋಗಿಬರಬಹುದು. ಅಹಮದಾಬಾದಿನವರು ಈಡರ್‌ನಿಂದ ವಿಜಯನಗರ ತಾಲ್ಲೂಕಿನ ಪೋಳೋ ಕಾಡಿನ ಕಡೆಗೆ ಸಾಗಬಹುದು. ಅರಾವಳಿಯ ಅಂಚಿನ ಆ ಕಾಡಿನಲ್ಲಿ ಹರಣಾವ್ ನದಿಯ ಬಳಿ ಹಳೆಯ ಶಿವಾಲಯ, ಜೈನಾಲಯಗಳಿವೆ. ಸೂರತ್ತಿನವರಿಗೆ ವಾಂಸದಾ–ವಘಈ ನಡುವಿನ ಹಾದಿಯೇ ಸಾಕು.

ಮೂರನೆಯದು ಸಾಪುತಾರಾ. ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಕಾಲ ಉತ್ತಮ. ಮಳೆಗಾಲದಲ್ಲಿ ಕಾಡು ನಮ್ಮ ಮಲೆನಾಡನ್ನು ನೆನಪಿಸುವಷ್ಟು ಚೆಲುವಾದರೂ ಜಾರುವ ರಸ್ತೆ, ಮಂಜು, ಕುಸಿಯುವ ಮಣ್ಣುಗಳಿಂದಾಗಿ ಹೊಸಬರಿಗೆ ತಕ್ಕುದಲ್ಲ. ಮುಂಜಾನೆ ಬೆಳಕು ಹರಿದ ಮೇಲೆ ವಘಈಯನ್ನು ಬಿಟ್ಟು, ಗಂಟೆಗೊಮ್ಮೆ ಇಳಿದು ಏನಾದರೂ ತಿಂದು, ಸಾವಕಾಶವಾಗಿ ಏರಬೇಕು. ಕಡೆಯ ತಿರುವುಗಳಲ್ಲಿ ಇಳಿದು ತಳ್ಳಿಕೊಂಡು ನಡೆದರೆ ಅದರಲ್ಲಿ ಅವಮಾನವೇನೂ ಇಲ್ಲ.

ಇಳಿಯುವಾಗ

ಏರುವಾಗ ದಣಿವು ನಮ್ಮನ್ನು ಎಚ್ಚರಿಸುತ್ತದೆ; ಇಳಿಯುವಾಗ ಎಚ್ಚರಿಸುವವರಿಲ್ಲ. ತಿರುವು ಬರುವ ಮೊದಲೇ ವೇಗ ತಗ್ಗಿಸಬೇಕು. ತಿರುವಿನ ನಡುವೆ ಬಿಗಿಯಾಗಿ ಬ್ರೇಕು ಹಿಡಿದರೆ ಚಕ್ರ ಜಾರುತ್ತದೆ. ಎರಡು ಬ್ರೇಕುಗಳನ್ನೂ ಹಿಡಿದು ಬಿಟ್ಟು ಉಪಯೋಗಿಸಬೇಕು; ಉದ್ದಕ್ಕೂ ಹಿಡಿದೇ ಇದ್ದರೆ ರಿಮ್ಮು ಕಾದು ಟ್ಯೂಬು ಒಡೆಯಬಹುದು. ಹೆಲ್ಮೆಟ್ಟನ್ನು ಬಿಡಲೇಬಾರದು. ಲಾರಿ, ಬಸ್ಸುಗಳಿಗೆ ದಾರಿ ಬಿಟ್ಟು ಎಡಕ್ಕೇ ಇರಬೇಕು. ಇದು ಚಿರತೆಗಳಿರುವ ಕಾಡಾದುದರಿಂದ ಸಂಜೆಗೆ ಮೊದಲೇ ಊರು ಸೇರತಕ್ಕದ್ದು. ಎದೆ ಹಿಂಡಿದಂತಾದರೆ, ಎಡತೋಳು ಅಥವಾ ದವಡೆಗೆ ನೋವು ಹರಿದರೆ ಸವಾರಿ ಅಲ್ಲಿಗೇ ಮುಗಿಯಿತು. 108ಕ್ಕೆ ಕರೆ ಮಾಡಬೇಕು. ಕಾಡಿನೊಳಗೆ ಎಲ್ಲೆಡೆ ಫೋನಿನ ಸಂಪರ್ಕ ಸಿಗದಿರುವುದರಿಂದ ಒಬ್ಬಂಟಿಯಾಗಿ ಹೋಗುವುದು ವಿಹಿತವಲ್ಲ.

ಎರಡನೆಯ ಸಲ ನಾಲ್ಕು ತಿಂಗಳ ಸಿದ್ಧತೆಯ ನಂತರ ಹೋದಾಗ ನಾನು ಎಲ್ಲರಿಗಿಂತ ಮುಂದೆ, ಎಂದರೆ ಎಲ್ಲರಿಗಿಂತ ನಿಧಾನವಾಗಿ ಸಾಗಿದೆ. ಶಾಮಗಹಾನಿನ ಹತ್ತಿರದ ಅದೇ ಒಲೆಯ ಮುಂದೆ ಎಲ್ಲರೂ ಕುಳಿತು ರಾಗಿರೊಟ್ಟಿ ತಿಂದೆವು. ಮುಂದಿನ ಚಳಿಗಾಲದಲ್ಲಿ ನಮ್ಮ ಮೂರು ನಗರಗಳ ಕನ್ನಡ ಬಾಂಧವರು ಒಟ್ಟಾಗಿ ಈ ಘಾಟಿಯನ್ನು ಏರುವಂತಾಗಲಿ. ಅದಕ್ಕೆ ಬೇಕಾದ ಮೊದಲ ನಲವತ್ತು ನಿಮಿಷಗಳನ್ನು ನಾಳೆಯ ಬೆಳಗಿನಲ್ಲಿಯೇ ತೆಗೆದಿಡಬೇಕೆಂದು ಓದುಗ ಮಿತ್ರರಲ್ಲಿ ವಿನಂತಿ.