ಮೂರು ಹಂತದ ಸೊಪ್ಪಿನ ಲೆಕ್ಕ

ಜಾಗ ಸಾಲದ ಮನೆಯಲ್ಲಿ ತರಕಾರಿ ಬೆಳೆಯಲು ಕುಂಡಗಳನ್ನು ಹಂತ ಹಂತವಾಗಿ ಜೋಡಿಸುವುದು ಬೆಂಗಳೂರಿನ ಬಾಲ್ಕನಿ, ತಾರಸಿಗಳಲ್ಲಿ ಈಗ ಸಾಮಾನ್ಯ. ಮೆಟ್ಟಿಲಿನ ಆಕಾರದ ಸ್ಟ್ಯಾಂಡು, ಗೋಡೆಗೆ ಆನಿಸಿದ ನೇರ ರ‍್ಯಾಕು, ಸುತ್ತಲೂ ಗಿಡ ಕೂರಿಸುವ ಗೋಪುರ, ಹೀಗೆ ಮುಖ್ಯವಾಗಿ ಮೂರು ಬಗೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ‘ಅರ್ಕಾ’ ಹೆಸರಿನಲ್ಲಿ ಇಂಥದೊಂದು ಲಂಬ ತೋಟದ ಚೌಕಟ್ಟನ್ನು ರೂಪಿಸಿದೆ. ಯಾವುದನ್ನೇ ಕೊಂಡರೂ ಹಂತ ಹೆಚ್ಚಿದಂತೆ ಜಾಗ ಹೆಚ್ಚುತ್ತದೆಯೇ ಹೊರತು ಬಿಸಿಲು ಹೆಚ್ಚುವುದಿಲ್ಲ. ಹಾಕಿದ ದುಡ್ಡು ವಾಪಸು ಬರುವುದೂ ಬಾರದಿರುವುದೂ ಬಹುಪಾಲು ಇದರ ಮೇಲೇ ನಿಂತಿದೆ.

ನಾಲ್ಕು ಅಡಿ ಅಗಲದ, ಒಂದೊಂದು ಅಡಿ ಆಳದ ಮೂರು ಹಂತಗಳನ್ನು ತೆಗೆದುಕೊಂಡರೆ ನೆಡಲು ಸಿಗುವುದು 12 ಚದರ ಅಡಿ. ಪೂರ್ತಿ ಮೆಟ್ಟಿಲಿನ ಸ್ಟ್ಯಾಂಡು ನೆಲದ ಮೇಲೂ ಅಷ್ಟೇ 12 ಚದರ ಅಡಿ ಆಕ್ರಮಿಸುತ್ತದೆ. ಅಂದರೆ ಜಾಗದ ಲಾಭ ಸೊನ್ನೆ. ಬಗ್ಗದೆ ಕೆಲಸ ಮಾಡಬಹುದು, ಒಂದು ಗಿಡದ ನೆರಳು ಇನ್ನೊಂದರ ಮೇಲೆ ಬೀಳುವುದಿಲ್ಲ, ಅಷ್ಟೇ. ನೇರ ರ‍್ಯಾಕು ನಾಲ್ಕೇ ಚದರ ಅಡಿಯಲ್ಲಿ ನಿಲ್ಲುತ್ತದೆ, ಆದರೆ ನೆತ್ತಿಯ ಮೇಲಿನ ಬಿಸಿಲು ಮೇಲಿನ ಹಂತಕ್ಕೇ ಮುಗಿದುಹೋಗುತ್ತದೆ. ಪ್ರತಿ ಹಂತವನ್ನೂ ಆರೇಳು ಅಂಗುಲ ಹಿಂದಕ್ಕೆ ಸರಿಸಿದ ಸ್ಟ್ಯಾಂಡು ಇವೆರಡರ ನಡುವಿನ ರಾಜಿ. ಕೊಳ್ಳುವ ಮೊದಲು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಿಸಿಲು ಎಲ್ಲಿಯವರೆಗೆ ಬರುತ್ತದೆಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳುವುದಕ್ಕೆ ಖರ್ಚಿಲ್ಲ. ಬಿಸಿಲು ತಲುಪದ ಹಂತಕ್ಕೆ ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ.

ಬಿಸಿಲಿನ ನಂತರ ನೋಡಬೇಕಾದ ಎರಡನೆಯದು ಭಾರ. ಇಪ್ಪತ್ತು ಲೀಟರಿನ ಪೇಂಟ್ ಬಕೆಟ್ಟಿಗೆ ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ತುಂಬಿ ನೀರು ಹಾಕಿದರೆ ಸುಮಾರು 20ರಿಂದ 25 ಕಿಲೋ ತೂಗುತ್ತದೆ. ಅಂಥ ಹನ್ನೆರಡು ಬಕೆಟ್ಟು ಎಂದರೆ 240ರಿಂದ 300 ಕಿಲೋ. ಓಡಾಡುವ ತಾರಸಿಗೆ ಭಾರತೀಯ ಮಾನಕ ಸಂಹಿತೆ ಹೇಳುವ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ಆದ್ದರಿಂದ ಇಷ್ಟನ್ನೂ ತಾರಸಿಯ ನಟ್ಟನಡುವೆ ಒಂದೇ ಕಡೆ ಪೇರಿಸಬಾರದು. ತೊಲೆ ಅಥವಾ ಗೋಡೆ ಇರುವ ಅಂಚಿಗೆ, ಉದ್ದಕ್ಕೆ ಹರಡಿ ಇಡಬೇಕು. ಸ್ಟ್ಯಾಂಡಿನ ಕಾಲುಗಳ ಕೆಳಗೆ ಟೈಲ್ಸ್ ತುಂಡುಗಳನ್ನು ಇಡಲೇಬೇಕು. ಚೂಪು ಕಾಲು ವಾಟರ್‌ಪ್ರೂಫಿಂಗ್ ಪದರವನ್ನು ಒಡೆದು ಕೆಳಗಿನ ಮನೆಯ ಚಾವಣಿ ಸೋರಿತೆಂದರೆ, ಅದರ ರಿಪೇರಿ ಹಲವು ವರ್ಷಗಳ ಸೊಪ್ಪಿನ ಉಳಿತಾಯವನ್ನು ಒಂದೇ ಬಾರಿಗೆ ನುಂಗುತ್ತದೆ.

ಇನ್ನು ನೇರ ಲೆಕ್ಕ. ಒಂದು ಮನೆಗೆ ವಾರಕ್ಕೆ ಮೂರು ಕಟ್ಟು ಸೊಪ್ಪು, ಕಟ್ಟಿಗೆ 20 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳಿಗೆ ಸುಮಾರು 240 ರೂಪಾಯಿ. ಅದರಲ್ಲಿ ಅರ್ಧ ಮನೆಯಲ್ಲೇ ಬೆಳೆದರೆ ಉಳಿಯುವುದು 120. ವೆಲ್ಡಿಂಗ್ ಮಾಡಿಸಿದ ಸ್ಟ್ಯಾಂಡು, ಹೊಸ ಕುಂಡ, ಚೀಲ ಗೊಬ್ಬರ ಎಲ್ಲ ಸೇರಿ 6,000 ರೂಪಾಯಿ ತಗುಲಿದರೆ ಅದು ಹುಟ್ಟಲು ನಾಲ್ಕು ವರ್ಷ ದಾಟುತ್ತದೆ. ಇಟ್ಟಿಗೆಯ ಮೇಲೆ ಹಲಗೆ, ಹಳೆಯ ಪೇಂಟ್ ಬಕೆಟ್ಟು, ಅಡುಗೆಮನೆ ಕಸದ ಗೊಬ್ಬರದಲ್ಲಿ 1,000 ರೂಪಾಯಿಗೆ ಮುಗಿಸಿದರೆ ಒಂಬತ್ತನೇ ತಿಂಗಳಿಗೆ ಅಸಲು ಕೈಸೇರುತ್ತದೆ. ದುಬಾರಿ ಗೋಪುರದ ಜಾಹೀರಾತಿನಲ್ಲಿ ಈ ಭಾಗಾಕಾರ ಮಾತ್ರ ಕಾಣಿಸುವುದಿಲ್ಲ.

ಉಳಿತಾಯದ ಇನ್ನೊಂದು ಮೂಲ ಫ್ರಿಜ್ಜಿನಲ್ಲಿದೆ. ಸಾರಿಗೆ ಬೇಕಾದದ್ದು ನಾಲ್ಕು ಎಸಳು ಕೊತ್ತಂಬರಿ, ಅಂಗಡಿಯಲ್ಲಿ ಸಿಗುವುದು ಇಡೀ ಕಟ್ಟು; ಉಳಿದದ್ದು ಮೂರನೇ ದಿನಕ್ಕೆ ಕೊಳೆತು ಕಸಕ್ಕೆ ಹೋಗುತ್ತದೆ. ಬೇಕಾದಾಗ ಬೇಕಾದಷ್ಟೇ ಚಿವುಟುವ ಪುದೀನ, ಕೊತ್ತಂಬರಿ, ದೊಡ್ಡಪತ್ರೆಗಳಲ್ಲಿ ಈ ನಷ್ಟವೇ ಇಲ್ಲ. ಈ ಅಂಕಣ ಬರೆಯುವವರ ಮನೆಯ ಸ್ಟ್ಯಾಂಡಿನಲ್ಲಿ ದುಡಿದು ಕೊಡುವವು ಇವೇ. ಮಧ್ಯದ ಹಂತದಲ್ಲಿ ಕೊತ್ತಂಬರಿ, ಮೆಂತ್ಯ; ಅರೆನೆರಳಿನ ಕೆಳಹಂತದಲ್ಲಿ ಪುದೀನ; ಪಕ್ಕದ ಬಕೆಟ್ಟಿನಿಂದ ಹೊರಟು ಸ್ಟ್ಯಾಂಡಿನ ಕಂಬವನ್ನೇ ಚಪ್ಪರ ಮಾಡಿಕೊಂಡ ಬಸಳೆ.

ಬೀಜಕ್ಕೆ ಪ್ರತ್ಯೇಕ ಖರ್ಚೂ ಬೇಡ. ಸಾಂಬಾರು ಡಬ್ಬಿಯ ಧನಿಯಾ ಹುರಿಯದ್ದಾಗಿದ್ದರೆ ಸಾಕು. ದುಂಡಗೆ ಕಾಣುವ ಪ್ರತಿ ಕಾಳಿನಲ್ಲೂ ಎರಡು ಬೀಜಗಳಿರುತ್ತವೆ. ಲಟ್ಟಣಿಗೆಯನ್ನು ಹಗುರವಾಗಿ ಆಡಿಸಿದರೆ ಅದು ಎರಡು ಹೋಳಾಗುತ್ತದೆ; ರಾತ್ರಿ ನೆನೆಹಾಕಿ ಬೆಳಿಗ್ಗೆ ಬಿತ್ತಿದರೆ ಎಂಟು ಹತ್ತು ದಿನಕ್ಕೆ ಮೊಳಕೆ ಕಾಣುತ್ತದೆ. ಮೆಂತ್ಯ ಇನ್ನೂ ಅವಸರದ್ದು. ದಂಟು, ಹರಿವೆ ಬೇಕೆನ್ನುವವರಿಗೆ ಹೆಸರಘಟ್ಟದ ‘ಅರ್ಕಾ ಸುಗುಣ’ದಂಥ, ಕತ್ತರಿಸಿದಷ್ಟೂ ಚಿಗುರುವ ತಳಿ ಒಳ್ಳೆಯದು. ಸೊಪ್ಪಿಗೆಲ್ಲ ಆರು ಅಂಗುಲ ಆಳ ಸಾಕು, ಭಾರವೂ ಅಷ್ಟಕ್ಕಷ್ಟೇ.

ಟೊಮೆಟೊ ಬೇರೆಯೇ ಕಥೆ. ಅದಕ್ಕೆ ಒಂದಡಿ ಆಳದ ಮಣ್ಣು, ದಿನಕ್ಕೆ ಆರು ಗಂಟೆಯ ಬಿಸಿಲು, ಆಸರೆಗೆ ಕೋಲು ಎಲ್ಲ ಬೇಕು. 2023ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಿಲೋ ಟೊಮೆಟೊ 100 ರೂಪಾಯಿ ದಾಟಿದಾಗ ಸಸಿ ತಂದು ನೆಟ್ಟವರು ಬಹಳ. ಸಸಿ ನೆಟ್ಟು ಹಣ್ಣು ಕೀಳಲು ಎರಡು ತಿಂಗಳಿಗೂ ಮಿಕ್ಕಿ ಬೇಕು. ಅಷ್ಟರಲ್ಲಿ ಬೆಲೆ ಕುಸಿದಿತ್ತು. ಈರುಳ್ಳಿ, ಆಲೂಗಡ್ಡೆಯಂತೂ ಹಂತದ ಕುಂಡಕ್ಕೆ ಹೇಳಿ ಮಾಡಿಸಿದ್ದಲ್ಲ.

ನೀರಿನ ಖರ್ಚು ಜನ ಅಂದುಕೊಂಡಷ್ಟಿಲ್ಲ. ಬೇಸಿಗೆಯಲ್ಲಿ ಬಕೆಟ್ಟಿಗೆ ದಿನಕ್ಕೊಂದು ಲೀಟರಿನಂತೆ ಹನ್ನೆರಡಕ್ಕೆ ತಿಂಗಳಿಗೆ 360 ಲೀಟರು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗಿನ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ ನಿಗದಿ ಮಾಡಿತ್ತು. ಆ ದರದಲ್ಲಿ 36 ರೂಪಾಯಿ ಆಯಿತು. ಅದೇ ತಿಂಗಳು ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕಿದರೆ 5,000 ರೂಪಾಯಿ ದಂಡ ಎಂದಿತು. ಹಾಗಾಗಿ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಸಿಂಕಿನ ಕೆಳಗೊಂದು ಬಕೆಟ್ಟಿನಲ್ಲಿ ಹಿಡಿಯುವುದೇ ಕ್ಷೇಮ. ಆರ್‌ಒ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಜಾಸ್ತಿ. ಅದನ್ನೇ ದಿನವೂ ಹಾಕಿದರೆ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಮೇಲಿನ ಕುಂಡದಿಂದ ಸೋರಿದ ನೀರು ಕೆಳಗಿನದಕ್ಕೇ ಬೀಳುವಂತೆ ತೂತುಗಳನ್ನು ಹೊಂದಿಸಿದರೆ ನೀರಿನ ಜತೆ ಅದರಲ್ಲಿ ಕರಗಿದ ಗೊಬ್ಬರವೂ ಉಳಿಯುತ್ತದೆ. ಕಡೆಯ ಹಂತಕ್ಕೆ ಮಾತ್ರ ತಟ್ಟೆ ಇಟ್ಟು, ಸೊಳ್ಳೆ ಆಗದಂತೆ ಆಗಾಗ ಚೆಲ್ಲಬೇಕು.

ಬಾಡಿಗೆ ಮನೆಯವರು ಇನ್ನೊಂದನ್ನು ಲೆಕ್ಕಕ್ಕೆ ಹಿಡಿಯಬೇಕು: ಮನೆ ಬದಲಾಯಿಸುವಾಗ ಒದ್ದೆ ಮಣ್ಣು ತುಂಬಿದ ಕುಂಡ ಸಾಗಿಸುವ ಕೂಲಿ. ಬೋಲ್ಟು ಬಿಚ್ಚಿ ಮಡಚಬಹುದಾದ ಸ್ಟ್ಯಾಂಡು ಇಂಥವರಿಗೆ ತಕ್ಕದ್ದು. ಕಬ್ಬಿಣದ್ದಾದರೆ ಬೇಡವಾದಾಗ ಗುಜರಿಗೆ ತೂಕಕ್ಕೆ ಹೋಗುತ್ತದೆ. ಬಿಸಿಲಿಗೆ ಪುಡಿಪುಡಿಯಾಗುವ ಅಗ್ಗದ ಪ್ಲಾಸ್ಟಿಕ್ ಗೋಪುರಕ್ಕೆ ಆ ಬೆಲೆಯೂ ಇಲ್ಲ.