ಬಿದ್ದ ಹಾಳೆಯಿಂದ ಸಸಿಯ ತೊಟ್ಟೆ
(ಮನೆಯ ಕಸವನ್ನು ಕೆಲಸಕ್ಕೆ ಹಚ್ಚುವ ಪಾಠ)

ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ನಮ್ಮ ಅಡಿಕೆ ತೋಟಗಳಲ್ಲಿ ಕಾಣುವ ನೋಟ ಎಲ್ಲರಿಗೂ ತಿಳಿದದ್ದೇ. ಮರದ ಬುಡದಲ್ಲಿ ಹಾಳೆಗಳು ಬಾಯಿ ಮೇಲಾಗಿ ಬಿದ್ದಿರುತ್ತವೆ. ಒಂದೊಂದರಲ್ಲಿಯೂ ಒಂದೆರಡು ಕುಡ್ತೆ ನೀರು. ಆ ನೀರಿನಲ್ಲಿ ಕುಣಿಯುವ ಸಣ್ಣ ಹುಳಗಳು. ವಾರ ಹತ್ತು ದಿನಗಳಲ್ಲಿ ಅವೇ ಸೊಳ್ಳೆಗಳಾಗಿ ಹಾರುತ್ತವೆ. ಡೆಂಗ್ಯೂ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಗೆ ಕೊಳಕು ಚರಂಡಿ ಬೇಕೆಂದಿಲ್ಲ. ಹಾಳೆಯಲ್ಲಿ, ಗೆರಟೆಯಲ್ಲಿ, ಒಡೆದ ಬಾಲ್ದಿಯಲ್ಲಿ ನಿಂತ ತಿಳಿನೀರೇ ಅದಕ್ಕೆ ತೊಟ್ಟಿಲು.

ಅಡಿಕೆ ಮರವೊಂದು ವರ್ಷಕ್ಕೆ 5-6 ಹಾಳೆಗಳನ್ನು ಉದುರಿಸುತ್ತದೆ. 500 ಮರಗಳ ಸಣ್ಣ ತೋಟದಲ್ಲಿಯೂ ವರ್ಷಕ್ಕೆ ಎರಡೂವರೆ ಸಾವಿರ ಹಾಳೆ ಬಿತ್ತೆಂದು ಲೆಕ್ಕ. ಇತ್ತ ಅವು ಕೊಳೆಯುತ್ತಿರುವಾಗ ಅತ್ತ ನಾವು ತರಕಾರಿ ಸಸಿಗೆಂದು ಪೇಟೆಯಿಂದ ಪ್ಲಾಸ್ಟಿಕ್ ತೊಟ್ಟೆಗಳನ್ನು ದುಡ್ಡು ಕೊಟ್ಟು ತರುತ್ತೇವೆ. ಗಿಡ ನೆಟ್ಟ ಮೇಲೆ ಆ ತೊಟ್ಟೆ ಹರಿದು ತೋಟದಲ್ಲಿಯೇ ಉಳಿಯುತ್ತದೆ. ಇದು ಎರಡು ಕಡೆಯ ನಷ್ಟವಲ್ಲವೆ?

ನಮ್ಮ ಹಿರಿಯರಿಗೆ ಹಾಳೆಯೆಂಬುದು ಕಸವಾಗಿರಲಿಲ್ಲ. ತಲೆಗೆ ಮುಟ್ಟಾಳೆ, ಸೆಕೆಗೆ ಬೀಸಣಿಗೆ, ಹಟ್ಟಿಯ ಕೆಲಸಕ್ಕೆ ಪಡಿಗೆ, ಎಳೆಯ ಶಿಶುವನ್ನು ಮಲಗಿಸಿ ಮೀಯಿಸುವುದಕ್ಕೂ ಹಾಳೆಯೇ. ಘಟ್ಟದ ಮೇಲಿನ ಮಲೆನಾಡಿನಲ್ಲಿ ಕೊಳೆರೋಗ ತಗಲದಂತೆ ಅಡಿಕೆ ಗೊನೆಗೆ ಕಟ್ಟುತ್ತಿದ್ದ ಕೊಟ್ಟೆಗೂ ಹಾಳೆ ಒದಗುತ್ತಿತ್ತು. ಆ ಕೈಚಳಕವೆಲ್ಲ ಒಂದೇ ದಿನದಲ್ಲಿ ಬರುವಂಥದಲ್ಲ. ಆದುದರಿಂದ ಅತಿ ಸುಲಭವಾದ ಒಂದು ಕೆಲಸದಿಂದ ಆರಂಭಿಸುವುದು ಒಳ್ಳೆಯದು. ಅದೇ ಹಾಳೆಯ ಸಸಿತೊಟ್ಟೆ.

ಹಾಳೆಯನ್ನು ಆರಿಸುವುದು

ಮಳೆಗೆ ನೆನೆದು ಕಪ್ಪು ಬೂಸಲು ಹಿಡಿದ ಹಾಳೆ ಈ ಕೆಲಸಕ್ಕೆ ಆಗದು. ಬೇಸಗೆಯಲ್ಲಿ ಬಿದ್ದ ಹಾಳೆಯನ್ನು ಅಂದಂದೇ ಹೆಕ್ಕಿ, ಸೋಗೆಯನ್ನು ಕಡಿದು, ಬಿಸಿಲಿಗೆ ಎರಡು ದಿನ ಒಣಗಿಸಿ, ಒಂದರ ಮೇಲೊಂದು ಚಪ್ಪಟೆಯಾಗಿ ಒಟ್ಟಿ ಮೇಲೆ ಕಲ್ಲು ಹೇರಬೇಕು. ಅಡುಗೆಮನೆಯ ಅಟ್ಟದಲ್ಲಿ, ಹೊಗೆ ತಾಗುವಲ್ಲಿ ಇಟ್ಟರೆ ಕೆಡುವ ಭಯ ಕಡಿಮೆ.

ಮಾಡುವ ಕ್ರಮ

ಹಾಳೆಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಹಾಕಿ. ಚರ್ಮದಂತೆ ಮೆತ್ತಗಾದ ಮೇಲೆ ಎರಡು ಬದಿಯ ತೆಳು ಅಂಚನ್ನು ಕತ್ತರಿಸಿ ತೆಗೆಯಿರಿ. ಉಳಿದ ದಪ್ಪ ಭಾಗದಲ್ಲಿ ಅಡ್ಡಕ್ಕೆ 12 ಅಂಗುಲ, ಉದ್ದಕ್ಕೆ 6 ಅಂಗುಲದ ತುಂಡುಗಳನ್ನು ಮಾಡಿಕೊಳ್ಳಿ. ಒಳ್ಳೆಯ ಹಾಳೆಯೊಂದರಲ್ಲಿ ಮೂರು ತುಂಡು ಸಿಕ್ಕೀತು. ತುಂಡನ್ನು ಕೊಳವೆಯಂತೆ ಸುತ್ತಿ, ಒಂದು ತುದಿಯ ಮೇಲೆ ಇನ್ನೊಂದು ತುದಿ 2 ಅಂಗುಲ ಬರುವಂತೆ ಹಿಡಿದು, ಹಿಡಿಸೂಡಿಯ ಗಟ್ಟಿ ಕಡ್ಡಿಯಿಂದ ಮೇಲೊಂದು ಕೆಳಗೊಂದು ಚುಚ್ಚಿ ಸಿಕ್ಕಿಸಿ. ಮೂರು ಅಂಗುಲ ಅಗಲದ ತೊಟ್ಟೆ ಸಿದ್ಧವಾಯಿತು. ತಳ ಬೇಕಾಗಿಲ್ಲ.

ಈ ತೊಟ್ಟೆಗಳನ್ನು ನೆರಳಿನಲ್ಲಿ ಒತ್ತೊತ್ತಾಗಿ ನಿಲ್ಲಿಸಿ, ಮಣ್ಣು, ಹೊಯಿಗೆ, ಹಳೆಯ ಹಟ್ಟಿಗೊಬ್ಬರಗಳನ್ನು ಸಮಪಾಲಾಗಿ ಬೆರಸಿ ತುಂಬಿರಿ. ಹಾಗಲ, ಮುಳ್ಳುಸೌತೆ, ಪಡುವಲದ ಬೀಜಗಳನ್ನು ಹಾಕಬಹುದು. ಎರಡು ಮೂರು ವಾರಗಳಲ್ಲಿ ಸಸಿಯನ್ನು ತೊಟ್ಟೆಸಹಿತವಾಗಿಯೇ ಗುಂಡಿಗೆ ಇಳಿಸಿ ಕಡ್ಡಿಗಳನ್ನು ಎಳೆದುಬಿಡಿ. ಬೇರಿಗೆ ಗಾಸಿಯಿಲ್ಲ, ಹಾಳೆ ಅಲ್ಲಿಯೇ ಕೊಳೆತು ಮಣ್ಣಾಗುತ್ತದೆ.

ತಪ್ಪಿನಿಂದ ಕಲಿಯುವುದು

ಮೊದಲ ದಿನವೇ ನೂರು ತೊಟ್ಟೆ ಮಾಡಲು ಹೊರಡಬೇಡಿ. ಹತ್ತು ಸಾಕು. ನಾವು ಮೊದಲು ಮಾಡಿದ ಹತ್ತರಲ್ಲಿ ಆರು ಸೀಳಿಹೋದವು. ಮನೆಯ ಹಿರಿಯಮ್ಮ ಅವನ್ನು ಕೈಗೆತ್ತಿಕೊಂಡು ನೋಡಿ, “ಹಾಳೆ ಮರದ ಮೇಲೆ ಹೇಗೆ ಸುತ್ತಿಕೊಂಡಿತ್ತು? ನೀವು ಸುತ್ತಿದ್ದು ಹೇಗೆ?” ಎಂದು ಕೇಳಿದರು. ಆಗಲೇ ನಮಗೆ ಹೊಳೆದದ್ದು, ನಾವು ನಾರನ್ನು ಅಡ್ಡಕ್ಕೆ ಮುರಿಯುತ್ತಿದ್ದೆವೆಂದು. ನಾರು ಮೇಲಿನಿಂದ ಕೆಳಕ್ಕೆ ನೆಟ್ಟಗೆ ನಿಲ್ಲುವಂತೆ ಸುತ್ತಿದರೆ ಹಾಳೆ ತಾನಾಗಿಯೇ ಬಾಗುತ್ತದೆ.

ಎರಡನೆಯ ಸಲ ಕಡ್ಡಿ ಚುಚ್ಚಿದಲ್ಲಿ ಹರಿಯಿತು. ಕಾರಣ, ಅಂಚಿಗೆ ತೀರ ಹತ್ತಿರ ಚುಚ್ಚಿದ್ದು. ಅಂಚಿನಿಂದ ಒಂದು ಅಂಗುಲ ಒಳಗೆ ಚುಚ್ಚಿದ ಮೇಲೆ ನಿಂತಿತು. ಹೀಗೆ ಪ್ರತಿ ಸಲವೂ ಯಾವುದು ಕೆಟ್ಟಿತು, ಏಕೆ ಕೆಟ್ಟಿತು ಎಂದು ಮಕ್ಕಳ ಹಳೆಯ ಪುಸ್ತಕದ ಖಾಲಿ ಹಾಳೆಯಲ್ಲಿ ಬರೆದಿಡಿ. ಒಂದು ಸಲಕ್ಕೆ ಒಂದೇ ತಪ್ಪನ್ನು ತಿದ್ದಿಕೊಂಡರೆ ಸಾಕು. ಕೈ ಕುದುರಿದ ಮೇಲೆ ಪಡಿಗೆಗೆ, ಅನಂತರ ಮುಟ್ಟಾಳೆಗೆ ಮುಂದುವರಿಯಬಹುದು. ಊರಿನಲ್ಲಿ ಮುಟ್ಟಾಳೆ ಕಟ್ಟಬಲ್ಲ ಹಿರಿಯರಿದ್ದರೆ ಅವರಲ್ಲಿಗೆ ಹೋಗಿ ಕುಳಿತು ಕಲಿಯಿರಿ. ಆ ವಿದ್ಯೆ ಕಾಗದದಲ್ಲಿ ಬರೆದು ಮುಗಿಯುವಂಥದಲ್ಲ.

“ಇದಕ್ಕೆಲ್ಲ ಪುರುಸೊತ್ತು ಯಾರಿಗಿದೆ?” ಎಂದು ಕೇಳುವವರಿದ್ದಾರೆ. ಪುರುಸೊತ್ತಿಲ್ಲದವರು ಇಷ್ಟಾದರೂ ಮಾಡಲೇಬೇಕು: ಮಳೆಗಾಲದಲ್ಲಿ ವಾರಕ್ಕೊಮ್ಮೆ ತೋಟ ಸುತ್ತಿ, ಬಿದ್ದ ಹಾಳೆಯನ್ನು ಕತ್ತಿಯಿಂದ ಎರಡು ಸೀಳು ಮಾಡಿ, ನೀರು ನಿಲ್ಲದಂತೆ ಕವುಚಿ ಮರದ ಬುಡಕ್ಕೆ ಹಾಕುವುದು. ಗೆರಟೆಗಳನ್ನೂ ಕವುಚಿಡುವುದು. ಈಡಿಸ್ ಸೊಳ್ಳೆಯ ಮೊಟ್ಟೆ ನೀರಾರಿದರೂ ತಿಂಗಳುಗಟ್ಟಲೆ ಸಾಯದೆ ಅಂಟಿಕೊಂಡಿರುತ್ತದೆ. ಆದುದರಿಂದ ಮನೆಯಲ್ಲಿ ಬಳಸುವ ಪಾತ್ರೆಗಳ ನೀರು ಚೆಲ್ಲಿದರೆ ಸಾಲದು, ಒಳಬದಿಯನ್ನು ಉಜ್ಜಿ ತೊಳೆಯಬೇಕು.

ತೆಂಗಿನ ಮಡಲುಗಳಿಗೂ ದಾರಿಯಿದೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾಗಿ ಇಂದು ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯೆನಿಸಿರುವ ನಮ್ಮ ಕಾಸರಗೋಡಿನ ಸಂಸ್ಥೆಯು, ತೆಂಗಿನ ಗರಿಗಳ ಹತ್ತು ಪಾಲಿಗೆ ಒಂದು ಪಾಲು ಸೆಗಣಿ ಸೇರಿಸಿ ಎರೆಹುಳುಗಳಿಂದ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದೆ.

ಮುಟ್ಟಕೂಡದ ವಸ್ತು

ಕೊನೆಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ಹಳೆಯದೆಲ್ಲವೂ ಬಳಕೆಗೆ ತಕ್ಕುದಲ್ಲ. ಕೀಟನಾಶಕ, ಕಳೆನಾಶಕಗಳ ಡಬ್ಬ ನೋಡಲು ಗಟ್ಟಿ, ಮುಚ್ಚಳ ಭದ್ರ. ಅದನ್ನು ತೊಳೆದು ಸೀಮೆಎಣ್ಣೆಗೋ ಉಪ್ಪಿಗೋ ನೀರಿಗೋ ಇಡುವ ಆಸೆ ಹುಟ್ಟುವುದು ಸಹಜ. ನಮ್ಮ ಮನೆಯಲ್ಲಿಯೂ ಹಿಂದೊಮ್ಮೆ ಅಂಥ ಡಬ್ಬ ಬಚ್ಚಲಿನ ಚೆಂಬಾಗಿ ನಡೆದದ್ದುಂಟು; ನೆನೆದರೆ ಈಗ ಮೈ ನಡುಗುತ್ತದೆ. ಎಷ್ಟು ತೊಳೆದರೂ ವಿಷದ ಅಂಶ ಪೂರ್ತಿ ಹೋಯಿತೆಂದು ನಂಬಲಾಗದು.

ವಿಷದ ಮಾತು ನಮ್ಮ ಜಿಲ್ಲೆಯವರಿಗೆ ಬೇರೆಯವರು ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಚೆಲ್ಲಿದ ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟು 2011ರಲ್ಲಿ ದೇಶದಲ್ಲೆಲ್ಲ ತಡೆಯಿತು. ಆದರೆ ಪಡ್ರೆಯಂಥ ಊರುಗಳ ಮನೆಗಳಲ್ಲಿ ಅದರ ನೋವು ಇನ್ನೂ ಮುಗಿದಿಲ್ಲ.

ಆದುದರಿಂದ ಖಾಲಿ ಡಬ್ಬವನ್ನು ಮೂರು ಸಲ ತೊಳೆದು, ತೊಳೆದ ನೀರನ್ನು ಸಿಂಪಡಿಸುವ ಮದ್ದಿಗೇ ಸೇರಿಸಿ, ಮತ್ತಾರೂ ಬಳಸದಂತೆ ಡಬ್ಬಕ್ಕೆ ತೂತು ಕೊರೆದು, ಮಕ್ಕಳ ಕೈಗೆ ಸಿಗದಲ್ಲಿ ಇಡಿ. ಅದನ್ನು ಯಾರಿಗೆ ಒಪ್ಪಿಸಬೇಕೆಂದು ನಿಮ್ಮ ಪಂಚಾಯತಿನ ಕೃಷಿಭವನದಲ್ಲಿ ವಿಚಾರಿಸಿ. ಸುಡಬೇಡಿ, ಬಾವಿಯ ಬಳಿ ಹೂಳಬೇಡಿ. ಮೈಲುತುತ್ತು ಕಲಸಿದ ಡ್ರಮ್ಮನ್ನೂ ಕುಡಿಯುವ ನೀರಿಗೆ ಇಡಕೂಡದು.

ಮರ ಕೊಟ್ಟದ್ದನ್ನು ಹೆಕ್ಕಿ ಮನೆಗೆ ತನ್ನಿ. ವಿಷ ತುಂಬಿ ಬಂದದ್ದನ್ನು ಮನೆಯ ಹೊಸ್ತಿಲು ದಾಟಿಸಬೇಡಿ. ಇಷ್ಟನ್ನು ನೆನಪಿಟ್ಟು ಈ ಆದಿತ್ಯವಾರವೇ ಹತ್ತು ಹಾಳೆಗಳಿಂದ ಕೆಲಸಕ್ಕೆ ತೊಡಗಿರಿ.