ಬಚ್ಚಲಮನೆಯ ದುರ್ವಾಸನೆ: ನಿದಾನ ಮತ್ತು ಪರಿಹಾರ

ಕಳೆದ ಚೌತಿಯ ಮುನ್ನಾದಿನ ಅಂಕೋಲೆಯ ಹಿರಿಯ ತಾಯಿಯೊಬ್ಬರನ್ನು ಬಿಡದ ಕೆಮ್ಮು, ಕಣ್ಣುರಿ, ಎದೆಬಿಗಿತಗಳೊಡನೆ ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ಹಬ್ಬಕ್ಕೆ ಬರುವ ಮಕ್ಕಳಿಗೆ ಬಚ್ಚಲಮನೆಯ ವಾಸನೆ ತಟ್ಟದಿರಲೆಂದು ಅವರು ನೀರು ಹೋಗುವ ಕಿಂಡಿಗೆ ಬ್ಲೀಚಿಂಗ್ ಪುಡಿ ಸುರಿದು, ಅದರ ಮೇಲೆಯೇ ಆಸಿಡ್ ಹಾಕಿದ್ದರು. ಇವೆರಡೂ ಕೂಡಿದಾಗ ಕ್ಲೋರಿನ್ ಎಂಬ ವಿಷಾನಿಲ ಹೊರಡುತ್ತದೆ. ಇದು ಕಷಾಯಕ್ಕೆ ಇಳಿಯುವ ಕೆಮ್ಮಲ್ಲವೆಂದು ಅರಿತು, ಅವರನ್ನು ಒಡನೆಯೇ ಆಮ್ಲಜನಕದ ವ್ಯವಸ್ಥೆಯುಳ್ಳ ಆಸ್ಪತ್ರೆಗೆ ಕಳುಹಿಸಿದೆವು. ಗುರುಕೃಪೆಯಿಂದ ಅವರು ಗುಣಮುಖರಾದರು. ಇಂತಹ ಪ್ರಮಾದ ಬೇರೊಂದು ಮನೆಯಲ್ಲಿ ಆಗದಿರಲೆಂದು ಈ ವಿಷಯವನ್ನು ಸದ್ಭಕ್ತರ ಮುಂದಿಡುತ್ತಿದ್ದೇವೆ.

ಆಯುರ್ವೇದವು ದುರ್ಗಂಧವನ್ನು ಹಗುರವಾಗಿ ಎಣಿಸಿಲ್ಲ. ಚರಕಸಂಹಿತೆಯ ವಿಮಾನಸ್ಥಾನದ 3ನೆಯ ಅಧ್ಯಾಯವು ಜನಪದೋಧ್ವಂಸವನ್ನು, ಅಂದರೆ ಊರಿಗೆ ಊರೇ ರೋಗಕ್ಕೆ ತುತ್ತಾಗುವ ಸ್ಥಿತಿಯನ್ನು ವಿವರಿಸುವಾಗ, ಕೆಟ್ಟ ಗಾಳಿಯ ಲಕ್ಷಣಗಳಲ್ಲಿ ಒಗ್ಗದ ಗಂಧವನ್ನೂ ಹೇಳುತ್ತದೆ. ಚಿಕಿತ್ಸೆಯ ಮೊದಲ ಹೆಜ್ಜೆ ನಿದಾನ ಪರಿವರ್ಜನ, ಎಂದರೆ ಕಾರಣವನ್ನೇ ದೂರಮಾಡುವುದು. ಊದುಬತ್ತಿ, ಫಿನೈಲು, ನುಸಿಗುಳಿಗೆಗಳು ವಾಸನೆಯನ್ನು ಮರೆಸುತ್ತವೆಯೇ ಹೊರತು ಕಾರಣವನ್ನು ಮುಟ್ಟುವುದಿಲ್ಲ.

ಕಾರಣವೇನು? ಹಿಂದೆ ಕಾರವಾರ, ಅಂಕೋಲೆಗಳ ಮನೆಗಳಲ್ಲಿ ಬಚ್ಚಲ ನೀರು ಹಿತ್ತಿಲ ತೆಂಗು, ಬಾಳೆಗಳ ಬುಡ ಸೇರುತ್ತಿತ್ತು. ಇಂದು ಅದು ಪೈಪಿನ ಮೂಲಕ ಮುಚ್ಚಿದ ಗುಂಡಿಗೆ ಹೋಗುತ್ತದೆ. ಗುಂಡಿಯ ಅನಿಲವು ಮನೆಯೊಳಕ್ಕೆ ಮರಳದಂತೆ ತಡೆಯುವುದು, ಜಾಲರಿಯ ಕೆಳಗಿನ ನಹಾನಿ ಟ್ರ್ಯಾಪಿನಲ್ಲಿ ಸದಾ ನಿಂತಿರಬೇಕಾದ ಸುಮಾರು 2 ಅಂಗುಲ ನೀರು. ಮಕ್ಕಳು ಬೆಂಗಳೂರು, ಗೋವೆಗಳಲ್ಲಿ ನೆಲೆಸಿ, ಮನೆಯ ಒಂದು ಬಚ್ಚಲು ಬಳಕೆ ತಪ್ಪಿದರೆ ಆ ನೀರು ಬೇಸಿಗೆಯಲ್ಲಿ ಆರಿಹೋಗುತ್ತದೆ. ನೀರು ಬೇಗ ಇಳಿಯಲೆಂದು ಟ್ರ್ಯಾಪಿನೊಳಗಿನ ಬಟ್ಟಲನ್ನು ತೆಗೆದಿಡುವವರೂ ಉಂಟು. ಆಗ ತಡೆಯೇ ಇಲ್ಲವಾಗುತ್ತದೆ. ಕೂದಲು, ಎಣ್ಣೆ, ಸಾಬೂನಿನ ಜಿಡ್ಡು ಸೇರಿ ಕೊಳೆಯುವುದು ಇನ್ನೊಂದು ಕಾರಣ. ಮಳೆಗಾಲದಲ್ಲಿ ಕರಾವಳಿಯ ಅಂತರ್ಜಲ ಮೇಲೇರಿ, ಇಂಗುಗುಂಡಿಯಲ್ಲಿ ನೀರು ಇಂಗದಿರುವುದು ಮತ್ತೊಂದು. ಅಂತಹ ಸಮಯದಲ್ಲಿ ಹತ್ತಿರದ ಬಾವಿಯ ನೀರೂ ಕೆಡಬಹುದಾದ್ದರಿಂದ ಕುದಿಸಿಯೇ ಕುಡಿಯತಕ್ಕದ್ದು.

ಪರಿಹಾರ ಸುಲಭವಾಗಿದೆ. ಬಳಸದ ಬಚ್ಚಲಿಗೆ ವಾರಕ್ಕೊಮ್ಮೆ ಎರಡು ತಂಬಿಗೆ ನೀರು ಹಾಕಬೇಕು. ದೀರ್ಘ ಪ್ರವಾಸಕ್ಕೆ ಹೊರಡುವಾಗ ನೀರಿನ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಟ್ಟರೆ ನೀರು ಬೇಗ ಆರದು. ತಿಂಗಳಿಗೊಮ್ಮೆ ಕೈಗವಸು ತೊಟ್ಟು, ಜಾಲರಿ ಮತ್ತು ಬಟ್ಟಲನ್ನು ಹೊರತೆಗೆದು, ಕೂದಲು ಜಿಡ್ಡುಗಳನ್ನು ಉಜ್ಜಿ ತೊಳೆಯಬೇಕು. ಬಳಿಕ ಅರ್ಧ ಬಟ್ಟಲು ವಾಷಿಂಗ್ ಸೋಡಾ ಹಾಕಿ, ಕಾಲು ಗಂಟೆ ಬಿಟ್ಟು ಬಿಸಿನೀರು ಹೊಯ್ಯಬೇಕು. ಕುದಿಯುವ ನೀರು ಪ್ಲಾಸ್ಟಿಕ್ ಪೈಪನ್ನು ಮೆತ್ತಗಾಗಿಸುವುದರಿಂದ ಅದು ಸಲ್ಲದು. ತೆಗೆದ ಬಟ್ಟಲನ್ನು ಮರಳಿ ಇಡಲು ಮರೆಯಬಾರದು. ಎರಡು ಬಗೆಯ ರಾಸಾಯನಿಕಗಳನ್ನು ಎಂದಿಗೂ ಬೆರೆಸಕೂಡದು.

ಇಷ್ಟಾದರೂ ವಾಸನೆ ನಿಲ್ಲದಿದ್ದರೆ ಗುಂಡಿ ತುಂಬಿರಬಹುದು, ಇಲ್ಲವೇ ಅದರ ಗಾಳಿ ಕೊಳವೆ ಕಟ್ಟಿರಬಹುದು. ಆಗ ಹೀರುಯಂತ್ರದ ವಾಹನವನ್ನೇ ಕರೆಸಬೇಕು. ಯಾರನ್ನೂ ಗುಂಡಿಗೆ ಇಳಿಸಬಾರದು. ಅಲ್ಲಿರುವ ಹೈಡ್ರೋಜನ್ ಸಲ್ಫೈಡ್ ಅನಿಲವು ಅಲ್ಪವಾಗಿದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸಿ, ಕ್ಷಣಮಾತ್ರದಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರಿಂದ ಇಂತಹ ಗುಂಡಿಗಳನ್ನು ಶುಚಿ ಮಾಡಿಸುವುದನ್ನು 2013ರ ಕೇಂದ್ರ ಕಾಯ್ದೆ ನಿಷೇಧಿಸಿದೆ.

ಕಾಯಿದೆಗಿಂತ ಹಿರಿದಾದುದು ಶರಣಧರ್ಮ. ಅಂಗಳ ಗುಡಿಸುವ ಕಾಯಕ ಮಾಡಿದ ಸತ್ಯಕ್ಕನನ್ನು ಶಿವಶರಣೆಯೆಂದು ಗೌರವಿಸುವ ಪರಂಪರೆ ನಮ್ಮದು. ನಮ್ಮ ಮನೆಯ ಹೊಲಸಿಗಾಗಿ ಬಡವನೊಬ್ಬನ ಪ್ರಾಣವನ್ನು ಪಣಕ್ಕೊಡ್ಡುವುದು ಈ ಪರಂಪರೆಗೆ ಒಪ್ಪುವುದಿಲ್ಲ. ಬಚ್ಚಲಿನ ಜಾಲರಿ ತೊಳೆಯುವುದನ್ನು ಸೊಸೆಯ ಪಾಲಿಗೋ ಕೆಲಸದವರ ಪಾಲಿಗೋ ಬಿಡದೆ, ಮನೆಯ ಯಜಮಾನರೂ ಕೈಹಚ್ಚಲಿ. ಅದೂ ಕಾಯಕವೇ.